ಪೂಲ್ ಮೇಜಿನ ಮೇಲೆ ಬಿಗಿಯಾದ ರ‍್ಯಾಕ್ ಕಟ್ಟುವುದು ಹೇಗೆ

ಒಂದೇ ಬಗೆಯ ಏಳು ನಾಣ್ಯಗಳನ್ನು ಸಮತಟ್ಟಾದ ಜಾಗದಲ್ಲಿ ಇಡಿ. ಒಂದು ನಡುವೆ ಇರಲಿ, ಉಳಿದ ಆರನ್ನು ಅದರ ಸುತ್ತ ತಾಗಿಸಿ ಜೋಡಿಸಿ. ಆರೂ ನಡುವಿನ ನಾಣ್ಯವನ್ನು ಮುಟ್ಟುತ್ತವೆ, ತಮ್ಮ ಎರಡೂ ಪಕ್ಕದವನ್ನೂ ಮುಟ್ಟುತ್ತವೆ, ಎಲ್ಲಿಯೂ ಸಂದಿ ಉಳಿಯುವುದಿಲ್ಲ. ಈಗ ನಡುವಿನದನ್ನು ತೆಗೆದು ಅಲ್ಲಿ ತುಸು ದೊಡ್ಡ ನಾಣ್ಯವೊಂದನ್ನು ಇಟ್ಟು ನೋಡಿ. ಸುತ್ತಲಿನ ಆರನ್ನು ಎಷ್ಟೇ ಒತ್ತಿದರೂ ಉಂಗುರ ಮುಚ್ಚುವುದಿಲ್ಲ. ಒಂದು ಕಡೆ ಸಂದಿ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ನಡುವೆ ಚಿಕ್ಕ ನಾಣ್ಯ ಇಟ್ಟರೆ ಉಂಗುರವೇನೋ ಮುಚ್ಚುತ್ತದೆ, ಆದರೆ ನಡುವಿನದು ಒಳಗೆ ಸಡಿಲವಾಗಿ ಅಲ್ಲಾಡುತ್ತದೆ.

ಪೂಲ್ ಆಟದಲ್ಲಿ ರ‍್ಯಾಕ್ (ಆಟ ಶುರುವಾಗುವ ಮೊದಲು ಒತ್ತಾಗಿ ಜೋಡಿಸಿಟ್ಟ ಚೆಂಡುಗಳ ಗುಂಪು) ಬಗ್ಗೆ ನಡೆಯುವ ವಾದಗಳಲ್ಲಿ ಬಹುಪಾಲು ಈ ಏಳು ನಾಣ್ಯಗಳಲ್ಲೇ ಇದೆ. ಆಟ ಕಲಿತ ಮೊದಲ ವರ್ಷಗಳಲ್ಲಿ ನಾನು, ಚೆಂಡುಗಳನ್ನು ಗಟ್ಟಿಯಾಗಿ ಒತ್ತಿದರೆ ರ‍್ಯಾಕ್ ಬಿಗಿಯಾಗುತ್ತದೆ ಎಂದೇ ನಂಬಿದ್ದೆ. ಒತ್ತಿ ಒತ್ತಿ ಬೆರಳು ನೋಯಿಸಿಕೊಂಡರೂ ಕೈ ತೆಗೆದ ಕೂಡಲೇ ಎಲ್ಲೋ ಒಂದು ಚೆಂಡು ಹಿಂದೆ ಸರಿದಿರುತ್ತಿತ್ತು. ಅದಕ್ಕೆ ಕೈಯನ್ನು ದೂರುತ್ತಿದ್ದೆ. ಕಾರಣ ಚೆಂಡುಗಳಲ್ಲಿ ಮತ್ತು ಬಟ್ಟೆಯಲ್ಲಿ ಇರಬಹುದೆಂದು ತಿಳಿದದ್ದು ಬಹಳ ತಡವಾಗಿ. ಅದನ್ನು ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಮೊದಲು ಜೋಡಣೆಗಳನ್ನು ಬೇಗ ನೋಡಿಬಿಡೋಣ. ಎಂಟು-ಚೆಂಡಿನ ಆಟದಲ್ಲಿ 15 ಚೆಂಡುಗಳು ಐದು ಸಾಲುಗಳ ತ್ರಿಕೋನವಾಗಿ ನಿಲ್ಲುತ್ತವೆ. ತುದಿಯ ಚೆಂಡು ಫುಟ್ ಸ್ಪಾಟ್ ಎಂಬ ಗುರುತಿನ ಮೇಲೆ, ಕಪ್ಪು ಎಂಟು ಮೂರನೆಯ ಸಾಲಿನ ನಡುವೆ, ಹಿಂದಿನ ಎರಡು ಮೂಲೆಗಳಲ್ಲಿ ಒಂದು ಕಡೆ ಪೂರ್ಣ ಬಣ್ಣದ ಚೆಂಡು, ಇನ್ನೊಂದು ಕಡೆ ಪಟ್ಟೆಯ ಚೆಂಡು. ಒಂಬತ್ತು-ಚೆಂಡಿನ ಆಟದಲ್ಲಿ ಆಕಾರ ವಜ್ರದ್ದು: ಮುಂದೆ ಒಂದು, ಆಮೇಲೆ ಎರಡು, ಮೂರು, ಎರಡು, ಒಂದು. ಮುಂದಿನ ತುದಿಯಲ್ಲಿ 1, ನಟ್ಟನಡುವೆ 9. ಹತ್ತು-ಚೆಂಡಿನ ಆಟದಲ್ಲಿ ನಾಲ್ಕು ಸಾಲುಗಳ ತ್ರಿಕೋನ, ತುದಿಯಲ್ಲಿ 1, ನಡುವೆ 10.

ಇನ್ನು ಎಣಿಸೋಣ. ಐದು ಸಾಲುಗಳ ತ್ರಿಕೋನದಲ್ಲಿ ಚೆಂಡು ಚೆಂಡನ್ನು ಮುಟ್ಟಬೇಕಾದ ಜಾಗಗಳು 30. ಒಂಬತ್ತರ ವಜ್ರದಲ್ಲಿ 16, ಹತ್ತರ ತ್ರಿಕೋನದಲ್ಲಿ 18. ಎಲ್ಲ ಚೆಂಡುಗಳೂ ಗಾತ್ರದಲ್ಲಿ ಅಚ್ಚು ಹೊಯ್ದಂತೆ ಒಂದೇ ಆಗಿದ್ದರೆ ಈ ಸ್ಪರ್ಶಗಳೆಲ್ಲ ಒಟ್ಟಿಗೆ ಕೂಡಿಬರುತ್ತವೆ. ಗಾತ್ರದಲ್ಲಿ ಕೊಂಚ ವ್ಯತ್ಯಾಸವಿದ್ದರೂ ಸಾಕು, ಎಲ್ಲವೂ ಕೂಡಿಬರುವುದು ಅಸಾಧ್ಯವೆನ್ನಬಹುದಾದಷ್ಟು ಅಪರೂಪ. ಇಲ್ಲಿ ನಾಣ್ಯಗಳನ್ನು ನೆನಪಿಸಿಕೊಳ್ಳಿ. ಸುತ್ತ ಆರು ಚೆಂಡುಗಳು ಆವರಿಸಿರುವ ಪ್ರತಿಯೊಂದು ಒಳಗಿನ ಚೆಂಡೂ ಒಂದು ಏಳು ನಾಣ್ಯಗಳ ಗುಂಪು. ಒಂಬತ್ತರ ವಜ್ರದಲ್ಲಿ ಅಂಥ ಚೆಂಡು ಒಂದೇ, ಅದು 9. ಹತ್ತರಲ್ಲಿಯೂ ಒಂದೇ. ಹದಿನೈದರ ತ್ರಿಕೋನದಲ್ಲಿ ಮೂರು: ಕಪ್ಪು ಎಂಟು ಮತ್ತು ಅದರ ಹಿಂದಿನ ಸಾಲಿನ ನಡುವಿನ ಎರಡು. ಗಾತ್ರ ಸಮವಿಲ್ಲದಾಗ ಒಂದೊಂದು ಒಳಚೆಂಡಿಗೆ ಕನಿಷ್ಠ ಒಂದೊಂದು ಸ್ಪರ್ಶವನ್ನು ಬಿಟ್ಟುಕೊಡಬೇಕಾಗುತ್ತದೆ. ಹಾಗಾಗಿ ಒಂಬತ್ತರಲ್ಲಿ 16ರ ಪೈಕಿ 15, ಹದಿನೈದರಲ್ಲಿ 30ರ ಪೈಕಿ 27 ಸ್ಪರ್ಶ ಸಿಕ್ಕರೆ ಅದೇ ಆ ಚೆಂಡುಗಳಿಂದ ಸಿಗಬಹುದಾದ ಅತ್ಯುತ್ತಮ ರ‍್ಯಾಕ್. ಉಳಿದ ಸಂದಿ ಎಷ್ಟು ಚಿಕ್ಕದು, ಎಲ್ಲಿ ಕೂತಿದೆ ಎಂಬುದಷ್ಟೇ ಆಮೇಲಿನ ಪ್ರಶ್ನೆ.

ಈ ಲೆಕ್ಕ ನನಗೆ ತುಂಬ ಇಷ್ಟ. ಏಕೆಂದರೆ ರ‍್ಯಾಕ್ ಕಟ್ಟುವವನ ಮೇಲಿನ ಅರ್ಧ ಸಂಶಯವನ್ನು ಇದು ಇಳಿಸುತ್ತದೆ. ಒಂದು ಸಂದಿ ಕಂಡಿತೆಂದ ಮಾತ್ರಕ್ಕೆ ಅವನು ಮೋಸ ಮಾಡಿದನೆಂದಲ್ಲ.

ಸಂದಿಯ ಗಾತ್ರ ಎಷ್ಟಿರಬಹುದು? ಪೂಲ್ ಚೆಂಡಿನ ವ್ಯಾಸ ಎರಡೂಕಾಲು ಅಂಗುಲ, ಅಂದರೆ 57.15 ಮಿಲಿಮೀಟರ್. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಅಂಗುಲದ ಸಾವಿರದಲ್ಲಿ ಐದು ಭಾಗದಷ್ಟು, ಸುಮಾರು 0.127 ಮಿಲಿಮೀಟರ್, ಹೆಚ್ಚು ಕಡಿಮೆಗೆ ಅವಕಾಶವಿದೆ. ಅಂದರೆ ನಿಯಮಬದ್ಧವಾದ ಎರಡು ಚೆಂಡುಗಳ ಗಾತ್ರದಲ್ಲೇ ಕಾಲು ಮಿಲಿಮೀಟರ್ ವ್ಯತ್ಯಾಸ ಇರಬಹುದು. ಒಳ್ಳೆಯ ಹೊಸ ಸೆಟ್ಟಿನ ಚೆಂಡುಗಳು ಒಂದಕ್ಕೊಂದು ಇದಕ್ಕಿಂತ ಎಷ್ಟೋ ಹತ್ತಿರವಿರುತ್ತವೆ, ನಿಜ. ಆದರೆ ಸವೆದ ಸೆಟ್ಟಿನಲ್ಲಿ, ಅದರಲ್ಲೂ ಕಳೆದುಹೋದ ಒಂದು ಚೆಂಡಿನ ಜಾಗಕ್ಕೆ ಬೇರೆ ಸೆಟ್ಟಿನಿಂದ ತಂದು ಸೇರಿಸಿದಾಗ, ಕಥೆ ಬೇರೆಯಾಗುತ್ತದೆ. ನಡುವಿನ ಚೆಂಡಿನ ವ್ಯಾಸ ಸುತ್ತಲಿನ ಆರಕ್ಕಿಂತ 0.1 ಮಿಲಿಮೀಟರ್ ಹೆಚ್ಚಿದೆ ಎಂದುಕೊಳ್ಳಿ, ಒಂದು ಸಾಧಾರಣ ಬರೆಯುವ ಹಾಳೆಯ ದಪ್ಪದಷ್ಟು. ಉಂಗುರದಲ್ಲಿ ತೆರೆದುಕೊಳ್ಳುವ ಸಂದಿ ಒಟ್ಟು ಸುಮಾರು 0.3 ಮಿಲಿಮೀಟರ್. ಒಂದು ಹಾಳೆಯ ತಪ್ಪು ಮೂರು ಹಾಳೆಯಷ್ಟು ಸಂದಿಯಾಗುತ್ತದೆ. ಅದೆಲ್ಲ ಒಂದೇ ಜಾಗದಲ್ಲಿ ಸೇರಿಕೊಂಡರೆ ಎದುರಿನ ದೀಪದ ಬೆಳಕು ಅದರೊಳಗಿಂದ ಕಣ್ಣಿಗೆ ರಾಚುತ್ತದೆ.

ಇಷ್ಟು ಸಣ್ಣ ಸಂದಿಯಿಂದ ಆಗುವುದಾದರೂ ಏನು? ಎರಡು ಚೆಂಡುಗಳು ಡಿಕ್ಕಿ ಹೊಡೆದಾಗ ಅವು ಒಂದನ್ನೊಂದು ಮುಟ್ಟಿರುವ ಹೊತ್ತು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆ ಹೊತ್ತಿನಲ್ಲಿ ಗಟ್ಟಿ ರಾಳದ ಆ ಚೆಂಡುಗಳೂ ಅತ್ಯಲ್ಪವಾಗಿ ಅಮುಕಿಕೊಂಡು ಮತ್ತೆ ಚಿಮ್ಮುತ್ತವೆ. ಸಂದಿ ಆ ಅಮುಕುವಿಕೆಗಿಂತ ತೀರ ಚಿಕ್ಕದಾಗಿದ್ದರೆ ಹೊಡೆತದ ನಡುವೆಯೇ ಮುಚ್ಚಿಹೋಗುತ್ತದೆ, ಆಟಕ್ಕೆ ಅದರಿಂದ ಬಾಧೆ ಇಲ್ಲ. ಸಂದಿ ದೊಡ್ಡದಾದರೆ ಒಂದೇ ಏಟಾಗಬೇಕಿದ್ದದ್ದು ಒಂದರ ಹಿಂದೊಂದು ಏಟುಗಳಾಗಿ ಒಡೆಯುತ್ತದೆ. ತುದಿಯ ಚೆಂಡು ತನ್ನ ಹಿಂದಿನ ಎರಡನ್ನೂ ಮುಟ್ಟಿಕೊಂಡಿದ್ದರೆ ಕೋಲಿನಿಂದ ಹೊಡೆಯುವ ಬಿಳಿ ಚೆಂಡಿನ ಬಲ ಆ ಎರಡು ದಾರಿಗಳಲ್ಲಿ ಒಟ್ಟಿಗೆ ಹರಿಯುತ್ತದೆ. ಒಂದರಿಂದ ಮಾತ್ರ ದೂರವಿದ್ದರೆ ಮುಟ್ಟಿರುವ ಕಡೆಗೆ ಬಲ ಮೊದಲು ಹೋಗುತ್ತದೆ, ಇನ್ನೊಂದು ಕಡೆಗೆ ಮಿಕ್ಕದ್ದು, ಅದೂ ಬೇರೆ ಕೋನದಲ್ಲಿ. ರ‍್ಯಾಕ್‌ನ ಒಂದು ಭುಜ ಸಿಡಿಯುತ್ತದೆ, ಇನ್ನೊಂದು ಭುಜ ಗುಂಪಾಗಿಯೇ ಕೂತಿರುತ್ತದೆ.

ತುದಿಯ ಚೆಂಡಿನ ಹಿಂದೆ ಸಂದಿ ಇತ್ತೇ ಎಂಬುದನ್ನು ಬ್ರೇಕ್ (ಜೋಡಿಸಿದ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ) ಆದಮೇಲೂ ಊಹಿಸಬಹುದು, ಬಿಳಿ ಚೆಂಡು ಏನು ಮಾಡಿತೆಂದು ನೋಡಿ. ತುದಿಯ ಚೆಂಡಿಗೆ ಬೆನ್ನಹಿಂದೆ ಆಸರೆ ಇದ್ದರೆ ಬಿಳಿ ಚೆಂಡಿಗೆ ತನಗಿಂತ ಭಾರವಾದದ್ದಕ್ಕೆ ಬಡಿದಂತಾಗುತ್ತದೆ. ನೇರವಾಗಿ ಹೊಡೆದಿದ್ದರೆ ಅದು ಹಿಂದಕ್ಕೆ ಚಿಮ್ಮುತ್ತದೆ. ಆಸರೆ ಇಲ್ಲದಿದ್ದರೆ ಅದು ಒಂಟಿ ಚೆಂಡಿಗೆ ಬಡಿದ ಹಾಗೆ. ವೇಗವನ್ನೆಲ್ಲ ಅದಕ್ಕೆ ಕೊಟ್ಟು ತಾನು ಅಲ್ಲೇ ನಿಂತುಬಿಡುವ ಹಂತಕ್ಕೆ ಬರುತ್ತದೆ. ಇಡೀ ತೋಳಿನ ಬಲ ಹಾಕಿ ನೇರಕ್ಕೆ ಹೊಡೆದರೂ ಬಿಳಿ ಚೆಂಡು ಹಿಂದೆ ಬರದೆ ನಿರ್ಜೀವವಾಗಿ ನಿಂತಾಗ ಆಟಗಾರ ತನ್ನ ಹೊಡೆತವನ್ನು ಶಪಿಸುವ ಮೊದಲು ರ‍್ಯಾಕ್ ಹೇಗಿತ್ತೆಂದು ನೆನಪಿಸಿಕೊಳ್ಳಲಿ.

ಒಂಬತ್ತರ ವಜ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಗಲವಾದ ಸಾಲಿನ ಎರಡು ಕೊನೆಗಳಲ್ಲಿರುವ ಚೆಂಡುಗಳನ್ನು ಆಟಗಾರರು ವಿಂಗ್ ಬಾಲ್ ಎನ್ನುತ್ತಾರೆ, ಹಕ್ಕಿಯ ರೆಕ್ಕೆಯ ತುದಿಯಂತೆ ಇರುವುದರಿಂದ. ರ‍್ಯಾಕ್ ಬಿಗಿಯಾಗಿ ನೇರವಾಗಿ ಇದ್ದರೆ ವಿಂಗ್ ಬಾಲ್ ಹೊರಡುವ ದಾರಿ ಮೂಲೆಯ ಪಾಕೆಟ್‌ನ ಬಾಯಿಗೇ ಹೋಗಿ ತಲುಪುವಂತಿರುತ್ತದೆ. ಅದರ ದಿಕ್ಕನ್ನು ನಿಶ್ಚಯಿಸುವುದು ಅದು ಯಾವ ಯಾವ ಚೆಂಡುಗಳನ್ನು ಮುಟ್ಟಿಕೊಂಡಿದೆ ಎಂಬುದು. ಹೊಡೆತದ ಜೋರು ಏರಿಳಿದರೂ ದಿಕ್ಕು ಬಹುಮಟ್ಟಿಗೆ ಅದೇ. ವಿಂಗ್ ಬಾಲ್ ತನ್ನ ನೆರೆಯವುಗಳಿಂದ ಒಂದಿಷ್ಟು ದೂರ ಸರಿದರೆ ಈ ದಾರಿ ಕೆಡುತ್ತದೆ. ಇದು ಗೊತ್ತಿರುವ ಎದುರಾಳಿ ರ‍್ಯಾಕ್ ಕಟ್ಟುವಾಗ ಬೇಕೆಂದೇ ಅಲ್ಲಿ ಸಂದಿ ಬಿಟ್ಟರೆ, ಬ್ರೇಕ್ ಮಾಡುವವನ ಕೈಗೆ ಬರಬೇಕಾದ ಚೆಂಡು ಬರುವುದೇ ಇಲ್ಲ. ಚೆಂಡಿನ ಗಾತ್ರದಿಂದ ಬಂದ ಸಂದಿಗೂ ಕೈಚಳಕದಿಂದ ಬಂದ ಸಂದಿಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ ಎಂಬುದೇ ಈ ವಿಷಯವನ್ನು ಇಷ್ಟು ಕಹಿಯಾಗಿಸಿದೆ.

ಚೆಂಡುಗಳ ನಂತರದ ಅಪರಾಧಿ ಬಟ್ಟೆ. ಪ್ರತಿ ಬ್ರೇಕ್‌ನಲ್ಲೂ ಬಿಳಿ ಚೆಂಡಿನ ಏಟಿಗೆ ತುದಿಯ ಚೆಂಡು ಬಟ್ಟೆಯನ್ನು ಕಲ್ಲುಹಲಗೆಗೆ ಒತ್ತುತ್ತದೆ. ನೂರಾರು ಬಾರಿ ಹೀಗಾದ ಮೇಲೆ ಫುಟ್ ಸ್ಪಾಟ್‌ನ ಸುತ್ತ ಸಣ್ಣ ಸಣ್ಣ ತಗ್ಗುಗಳು ಬೀಳುತ್ತವೆ. ಕಣ್ಣಿಗೆ ಅವು ಮಸುಕಾದ ಬಿಳಿ ಚುಕ್ಕೆಗಳಂತೆ ಕಂಡಾವು, ಆದರೆ ಚೆಂಡಿಗೆ ಅವು ಗುಂಡಿಗಳು. ಚೆಂಡು ತಾನು ಇರಬೇಕಾದ ಜಾಗಕ್ಕಿಂತ ಗುಂಡಿಯ ತಳವನ್ನೇ ಹುಡುಕಿಕೊಂಡು ಹೋಗುತ್ತದೆ. ಬೆರಳು ಹಿಡಿದಿರುವವರೆಗೆ ಎಲ್ಲವೂ ಬಿಗಿ. ಬೆರಳು ತೆಗೆದ ಕೂಡಲೇ ತುದಿಯ ಚೆಂಡು ತನ್ನ ಹಳೆಯ ಗುಂಡಿಗೆ ಇಳಿದು ಕೂರುತ್ತದೆ. ಸ್ಪಾಟ್‌ಗೆ ಅಂಟಿಸುವ ದುಂಡನೆಯ ಕಾಗದ ದಪ್ಪಗಿದ್ದರೂ ಅಂಚು ಎದ್ದಿದ್ದರೂ ಇದೇ ತೊಂದರೆ, ಮಗ್ಗುಲು ಮಾತ್ರ ಬೇರೆ: ಚೆಂಡು ದಿಬ್ಬದಿಂದ ಜಾರುತ್ತದೆ.

ಇದಕ್ಕೆ ಹಲವರು ಮಾಡುವ ಉಪಾಯ, ಕೂರದ ಚೆಂಡಿನ ತಲೆಯ ಮೇಲೆ ಇನ್ನೊಂದು ಚೆಂಡಿನಿಂದ ಟಕಟಕ ಕುಟ್ಟುವುದು. ಆ ಹೊತ್ತಿಗೆ ಅದು ಕೆಲಸ ಮಾಡುತ್ತದೆ, ಏಕೆಂದರೆ ಚೆಂಡಿಗೆ ಬೇಕಾದ ಜಾಗದಲ್ಲಿ ಹೊಸ ಗುಂಡಿ ಬೀಳುತ್ತದೆ. ಆದರೆ ಮುಂದಿನ ಬಾರಿ ಬೇರೆ ಗಾತ್ರದ ಚೆಂಡು ಅಲ್ಲಿಗೆ ಬಂದಾಗ ಅದೇ ಗುಂಡಿ ಶತ್ರುವಾಗುತ್ತದೆ. ನಾಲ್ಕು ಜನ ನಾಲ್ಕು ರೀತಿ ಕುಟ್ಟಿದ ಮೇಜಿನ ಮೇಲೆ ಯಾರಿಗೂ ಒಳ್ಳೆಯ ರ‍್ಯಾಕ್ ಸಿಗುವುದಿಲ್ಲ. ಕುಟ್ಟುವುದು ತೀರ ಅಗತ್ಯವಿದ್ದಾಗ ಮಾತ್ರ, ಅದಕ್ಕಿಂತ ರ‍್ಯಾಕ್‌ನ ಜಾಗವನ್ನು ಚೆನ್ನಾಗಿ ಬ್ರಷ್ ಮಾಡುವುದು ಲೇಸು ಎಂದು ಅಂತರರಾಷ್ಟ್ರೀಯ ನಿಯಮಗಳೂ ಹೇಳುತ್ತವೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಸ ಬಟ್ಟೆ ಹಾಕಿದ ದಿನ, ಚೆಂಡುಗಳ ಜಾಗವನ್ನು ಅಚ್ಚಿನಿಂದ ಗುರುತಿಸಿ ಒಂದೇ ಬಾರಿ ಕ್ರಮವಾಗಿ ಕುಟ್ಟಿ ಕೂರಿಸುವ ಪದ್ಧತಿಯೂ ಇದೆ. ಅದು ಬೇರೆ ವಿಷಯ. ಅಲ್ಲಿ ಎಲ್ಲ ಗುಂಡಿಗಳೂ ಒಂದೇ ಲೆಕ್ಕಕ್ಕೆ ಬದ್ಧವಾಗಿರುತ್ತವೆ, ಇಬ್ಬರು ಆಟಗಾರರಿಗೂ ಅವು ಒಂದೇ.

ಈಗ ಕೈಗೆ ಬರೋಣ. ಮರದ ಅಥವಾ ಪ್ಲಾಸ್ಟಿಕ್‌ನ ತ್ರಿಕೋನದಲ್ಲಿ ಕಟ್ಟುವವರಿಗೆ ಈ ಮಾತುಗಳು. ತ್ರಿಕೋನ ಬಾಗಿರಬಾರದು. ಕೈಯಲ್ಲಿ ಹಿಡಿದು ಹಿಂಡಿದಾಗ ಬಳುಕುವ ಅಗ್ಗದ ತ್ರಿಕೋನದಿಂದ ಒಳ್ಳೆಯ ರ‍್ಯಾಕ್ ಬಂದರೆ ಅದು ಅದೃಷ್ಟ. ಕಟ್ಟುವ ಮೊದಲು ಫುಟ್ ಸ್ಪಾಟ್‌ನ ಸುತ್ತ ಬಟ್ಟೆಯನ್ನು ಅಂಗೈಯಿಂದ ಸವರಿ. ಚಾಕ್‌ನ (ಆಟದ ಕೋಲಿನ ತುದಿಗೆ ಹಚ್ಚುವ ಪುಡಿ) ಒಂದು ಕಣವೂ ಚೆಂಡನ್ನು ಎತ್ತಿ ಹಿಡಿಯಬಲ್ಲದು.

ಚೆಂಡುಗಳು ಉರುಳುತ್ತವೆ ಎಂಬುದನ್ನು ಮರೆಯದಿರುವುದೇ ಇಲ್ಲಿ ಅರ್ಧ ಕೆಲಸ. ತ್ರಿಕೋನವನ್ನು ಮುಂದಕ್ಕೆ ತಳ್ಳಿದಾಗ ಒಳಗಿನ ಚೆಂಡುಗಳಿಗೆಲ್ಲ ಮುಂದಕ್ಕೆ ಉರುಳುವ ಓಟ ಬಂದಿರುತ್ತದೆ. ತ್ರಿಕೋನವನ್ನು ಧಡಕ್ಕನೆ ನಿಲ್ಲಿಸಿದರೆ ಆ ಓಟ ನಿಲ್ಲುವುದಿಲ್ಲ, ಮುಂದಿನ ಚೆಂಡು ಹಿಂದಿನವನ್ನು ಬಿಟ್ಟು ಒಂದು ಎಳೆಯಷ್ಟು ಮುಂದೆ ಹೋಗುತ್ತದೆ. ಹಿಂದಕ್ಕೆ ಎಳೆಯುತ್ತಾ ನಿಲ್ಲಿಸಿದರೆ ಇನ್ನೂ ಕೆಟ್ಟದ್ದು. ಹಾಗಾಗಿ ಸ್ಪಾಟ್‌ನ ಹಿಂದಿನಿಂದ ಬಂದು, ಕೊನೆಯ ಚಲನೆ ಮುಂದಕ್ಕೇ ಇರುವಂತೆ, ನಿಧಾನಿಸುತ್ತಾ ನಿಲ್ಲಬೇಕು. ಸ್ಪಾಟ್ ದಾಟಿಹೋದರೆ ಎಳೆದು ಸರಿಮಾಡಲು ಹೋಗಬೇಡಿ. ಪೂರ್ತಿ ಹಿಂದಕ್ಕೆ ತಂದು ಮತ್ತೊಮ್ಮೆ ಮುಂದಕ್ಕೆ ಬನ್ನಿ.

ನಿಂತ ಮೇಲೆ, ಹಿಂದಿನ ಸಾಲಿಗೂ ತ್ರಿಕೋನದ ಹಿಂಬದಿಯ ಪಟ್ಟಿಗೂ ನಡುವೆ ಎರಡೂ ಕೈಗಳ ಬೆರಳುಗಳನ್ನು ಇಳಿಸಿ, ಸಾಲಿನ ಎಲ್ಲ ಚೆಂಡುಗಳಿಗೂ ಸಮನಾಗಿ ಮುಂದಕ್ಕೆ ಒತ್ತಿ. ಬೆರಳುಗಳು ಬಟ್ಟೆಗೆ ಹತ್ತಿರವಿರಲಿ. ಎತ್ತರದಲ್ಲಿ ಒತ್ತಿದರೆ ಚೆಂಡಿಗೆ ಉರುಳುವ ಮನಸ್ಸು ಬರುತ್ತದೆ. ತ್ರಿಕೋನದ ಎರಡು ಪಕ್ಕಗಳು ಇಕ್ಕಳದಂತೆ ಹಿಡಿಯುತ್ತವೆ, ನಿಮ್ಮ ಬೆರಳುಗಳು ಮೂರನೆಯ ಬದಿ. ಈ ಒತ್ತನ್ನು ಒಂದೆರಡು ಸೆಕೆಂಡು ಹಾಗೇ ಹಿಡಿದು ಚೆಂಡುಗಳು ನಿಶ್ಚಲವಾಗಲು ಬಿಡಿ. ಆಮೇಲೆ ಒತ್ತನ್ನು ಕ್ರಮೇಣ ಕಡಿಮೆ ಮಾಡುತ್ತಾ ಬೆರಳು ತೆಗೆಯಿರಿ. ಥಟ್ಟನೆ ತೆಗೆದರೆ ಚರ್ಮಕ್ಕೆ ಅಂಟಿಕೊಂಡ ಚೆಂಡು ಕೂದಲೆಳೆಯಷ್ಟು ಹಿಂದೆ ಬರುತ್ತದೆ. ಬೆವರಿದ ಕೈಗೆ ಇದು ಹೆಚ್ಚು.

ತ್ರಿಕೋನವನ್ನು ಎತ್ತುವಾಗಲೇ ಬಹಳ ರ‍್ಯಾಕ್‌ಗಳು ಹಾಳಾಗುತ್ತವೆ. ಮೊದಲು ಅದನ್ನು ಬಹಳ ಸ್ವಲ್ಪ ಮುಂದಕ್ಕೆ ಸರಿಸಿ. ಪಕ್ಕಗಳು ಚೆಂಡುಗಳಿಂದ ಬಿಡಿಸಿಕೊಳ್ಳುತ್ತವೆ, ಹಿಂಬದಿಯಲ್ಲಿ ಬೆರಳಿದ್ದ ಜಾಗ ಖಾಲಿ ಇರುವುದರಿಂದ ಅಲ್ಲಿಯೂ ಏನೂ ತಾಗುವುದಿಲ್ಲ. ಆಗ ಮೇಲಕ್ಕೆ ಎತ್ತಿ. ಎತ್ತಿದ ಮೇಲೆ ಬಗ್ಗಿ, ಕಣ್ಣನ್ನು ಚೆಂಡುಗಳ ಮಟ್ಟಕ್ಕೆ ತಂದು ನೋಡಿ. ನಿಂತು ಮೇಲಿನಿಂದ ನೋಡಿದರೆ ಎಲ್ಲ ರ‍್ಯಾಕ್‌ಗಳೂ ಬಿಗಿಯಾಗಿಯೇ ಕಾಣುತ್ತವೆ.

ನೋಡುವುದಕ್ಕೂ ಕ್ರಮವಿದೆ. ಮೊದಲು ತುದಿಯ ಚೆಂಡು ಮತ್ತು ಅದರ ಹಿಂದಿನ ಎರಡು. ಆ ಮೂರು ಒಂದನ್ನೊಂದು ಮುಟ್ಟದಿದ್ದರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ, ಮತ್ತೆ ಕಟ್ಟಿ. ಆಮೇಲೆ ಎರಡನೆಯ ಮತ್ತು ಮೂರನೆಯ ಸಾಲುಗಳ ನಡುವೆ. ಒಂಬತ್ತರ ಆಟವಾದರೆ ಎರಡು ವಿಂಗ್ ಬಾಲ್‌ಗಳ ಸ್ಪರ್ಶಗಳು. ಹಿಂದಿನ ಸಾಲು ಕೊನೆಗೆ. ಅಲ್ಲಿನ ಸಣ್ಣ ಸಂದಿಯನ್ನು ನಾನು ಕ್ಷಮಿಸುತ್ತೇನೆ, ಮುಂದಿನದನ್ನು ಕ್ಷಮಿಸುವುದಿಲ್ಲ.

ಕೊನೆಯದಾಗಿ ಮೇಜಿನ ಇನ್ನೊಂದು ತುದಿಗೆ, ಬ್ರೇಕ್ ಮಾಡುವ ಕಡೆಗೆ ಹೋಗಿ, ರ‍್ಯಾಕ್ ನೇರವಾಗಿದೆಯೇ ನೋಡಬೇಕು. ಬಿಗಿಯಾಗಿದ್ದೂ ಸೊಟ್ಟಗಿರುವ ರ‍್ಯಾಕ್ ನ್ಯಾಯವಾದದ್ದಲ್ಲ. ಹದಿನೈದು ಚೆಂಡುಗಳ ತ್ರಿಕೋನ ಒಂದೇ ಒಂದು ಡಿಗ್ರಿ ತಿರುಗಿದರೆ ಹಿಂದಿನ ಎರಡು ಮೂಲೆಗಳಲ್ಲಿ ಒಂದು ಇನ್ನೊಂದಕ್ಕಿಂತ 4 ಮಿಲಿಮೀಟರ್ ಮುಂದೆ ಇರುತ್ತದೆ. ಹಿಂದಿನ ಸಾಲು ಮೇಜಿನ ಅಂಚಿನ ರಬ್ಬರ್ ಪಟ್ಟಿಗೆ, ಅಂದರೆ ಕುಷನ್‌ಗೆ, ಸಮಾಂತರವಾಗಿದೆಯೇ ಎಂದು ನೋಡಿದರೆ ಇದು ಸುಲಭವಾಗಿ ಸಿಕ್ಕಿಬೀಳುತ್ತದೆ. ಒಂಬತ್ತು ಅಡಿಯ ಮೇಜಿನಲ್ಲಿ ವಿಂಗ್ ಬಾಲ್‌ನಿಂದ ಮೂಲೆಯ ಪಾಕೆಟ್‌ಗೆ ಸುಮಾರು 80 ಸೆಂಟಿಮೀಟರ್ ದೂರ. ರ‍್ಯಾಕ್‌ನೊಡನೆ ಅದರ ದಾರಿಯೂ ಒಂದು ಡಿಗ್ರಿ ತಿರುಗಿದರೆ ಪಾಕೆಟ್ ಹತ್ತಿರ ಅದು ಸುಮಾರು 14 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಪಾಕೆಟ್‌ನ ಬಾಯಿ ನಾಲ್ಕೂವರೆ ಅಂಗುಲದ ಆಸುಪಾಸು ಇರುವಲ್ಲಿ 14 ಮಿಲಿಮೀಟರ್ ಚೆಂಡನ್ನು ಒಳಗೂ ಹಾಕಬಲ್ಲದು, ಹೊರಗೂ ಇಡಬಲ್ಲದು.

ಎಷ್ಟು ಮಾಡಿದರೂ ಒಂದು ಚೆಂಡು ಕೂರುವುದಿಲ್ಲ ಎಂದಾಗ ಅದನ್ನು ಅಲ್ಲೇ ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ ನೋಡಿ. ಸವೆದ ಚೆಂಡು ಎಲ್ಲ ಕಡೆಯಿಂದಲೂ ಸಮ ದುಂಡಾಗಿರುವುದಿಲ್ಲ, ಒಂದು ಕಡೆ ತೆಳುವಾದದ್ದು ಇನ್ನೊಂದು ಕಡೆ ಸರಿಯಾಗಿ ಕೂರಬಹುದು. ಆಗಲಿಲ್ಲವೇ, ಎಂಟರ ಆಟದಲ್ಲಿ ಪೂರ್ಣ ಬಣ್ಣದ್ದನ್ನು ಇನ್ನೊಂದು ಪೂರ್ಣ ಬಣ್ಣದ್ದರೊಡನೆ, ಪಟ್ಟೆಯದನ್ನು ಪಟ್ಟೆಯದರೊಡನೆ ಅದಲುಬದಲು ಮಾಡಿ. ತೊಂದರೆ ಯಾವಾಗಲೂ ಕಪ್ಪು ಎಂಟಿನ ಸುತ್ತಲೇ ಇದ್ದರೆ, ಅದನ್ನು ಬೇರೆಡೆ ಇಡುವಂತಿಲ್ಲದ ಕಾರಣ, ಅದರ ಗಾತ್ರವನ್ನೇ ಪರೀಕ್ಷಿಸಬೇಕು. ಅಳೆಯುವ ಸಾಧನವಿಲ್ಲದಿದ್ದರೂ ಒಂದು ದಾರಿ ಇದೆ. ಸಂಶಯದ ಚೆಂಡನ್ನು ನಡುವೆ ಇಟ್ಟು ಅದರ ಎರಡೂ ಪಕ್ಕಕ್ಕೆ ಸರಿಯಿವೆ ಎನ್ನಿಸುವ ಎರಡು ಚೆಂಡುಗಳನ್ನು ಸಮತಟ್ಟಾದ ಗಾಜಿನ ಮೇಲೆ ಒಂದೇ ಸಾಲಿನಲ್ಲಿ ತಾಗಿಸಿಟ್ಟು, ಮೇಲೆ ಉಕ್ಕಿನ ಅಳತೆಪಟ್ಟಿ ಅಡ್ಡಲಾಗಿ ಇಡಿ. ನಡುವಿನದು ದೊಡ್ಡದಾದರೆ ಪಟ್ಟಿ ತೂಗುಯ್ಯಾಲೆಯಂತೆ ಅತ್ತಿತ್ತ ವಾಲುತ್ತದೆ. ಚಿಕ್ಕದಾದರೆ ಅದರ ತಲೆಗೂ ಪಟ್ಟಿಗೂ ನಡುವೆ ಬೆಳಕು ಕಾಣುತ್ತದೆ. ಒಂದು ಸೆಟ್ಟನ್ನು ಹೀಗೆ ಪರೀಕ್ಷಿಸಲು ಅರ್ಧ ಗಂಟೆ ಸಾಕು, ಅದರಿಂದ ವರ್ಷಗಟ್ಟಲೆಯ ವಾದ ತಪ್ಪುತ್ತದೆ. ಚೆಂಡುಗಳನ್ನು ತೊಳೆದು ಒರೆಸಿಡುವುದೂ ಅಷ್ಟೇ ಮುಖ್ಯ. ಕೊಳೆ ಮತ್ತು ಚಾಕ್ ಹಿಡಿದ ಚೆಂಡುಗಳು ಒಂದರ ಮೇಲೊಂದು ಜಾರುವುದಿಲ್ಲ, ತಾಗಿದಲ್ಲೇ ಕಚ್ಚಿಕೊಂಡು ಸರಿಯಾದ ಜಾಗಕ್ಕೆ ಹೋಗದೆ ನಿಲ್ಲುತ್ತವೆ.

ಈ ಶ್ರಮವನ್ನೆಲ್ಲ ತಪ್ಪಿಸಲು ಬಂದದ್ದು ತೆಳು ಪ್ಲಾಸ್ಟಿಕ್ ಹಾಳೆಯ ರ‍್ಯಾಕ್. ಚೆಂಡುಗಳು ಕೂರಬೇಕಾದ ಜಾಗಗಳಲ್ಲಿ ರಂಧ್ರಗಳಿರುವ ಈ ಹಾಳೆಯನ್ನು ಬಟ್ಟೆಯ ಮೇಲೆ ಹಾಸಿ, ಚೆಂಡುಗಳನ್ನು ಇಟ್ಟರಾಯಿತು. ರಂಧ್ರದ ಅಂಚುಗಳೇ ಪ್ರತಿ ಚೆಂಡನ್ನೂ ಅದರ ನೆರೆಯ ಚೆಂಡಿನ ಕಡೆಗೆ ಒರಗಿಸುತ್ತವೆ. ಬ್ರೇಕ್ ಆದಮೇಲೆ, ಹಾಳೆಯ ಮೇಲೆ ಚೆಂಡುಗಳು ಇಲ್ಲದಾಗ ಅದನ್ನು ತೆಗೆದಿಡುತ್ತಾರೆ. ಮರದ ತ್ರಿಕೋನಕ್ಕಿಂತ ಇದರ ರ‍್ಯಾಕ್ ಎಷ್ಟೋ ಹೆಚ್ಚು ಸಲ ಬಿಗಿಯಾಗಿ ಬರುತ್ತದೆ. ಗಾತ್ರದಲ್ಲಿ ಸಮವಿಲ್ಲದ ಚೆಂಡುಗಳನ್ನು ಇದು ಸಮ ಮಾಡಲಾರದು, ನಾಣ್ಯಗಳ ಲೆಕ್ಕ ಇಲ್ಲಿಯೂ ತಪ್ಪುವುದಿಲ್ಲ. ಆದರೆ ಬಟ್ಟೆಯ ಗುಂಡಿಗಳ ಮತ್ತು ನಡುಗುವ ಕೈಯ ಪಾತ್ರವನ್ನು ಬಹಳ ಕಡಿಮೆ ಮಾಡುತ್ತದೆ.

ಆದರೆ ರ‍್ಯಾಕ್ ತೀರ ಚೆನ್ನಾಗಿದ್ದರೂ ಒಂದು ಸಂಕಟವಿದೆ. ಪ್ರತಿ ಬಾರಿಯೂ ಬಿಗಿಯಾದ ರ‍್ಯಾಕ್ ಸಿಗುವ ಭರವಸೆ ಇದ್ದರೆ ವಿಂಗ್ ಬಾಲ್ ಪ್ರತಿ ಬಾರಿಯೂ ಅದೇ ದಾರಿಯಲ್ಲಿ ಹೋಗುತ್ತದೆ. ಆಗ ಜೋರಾಗಿ ಹೊಡೆಯುವುದೇಕೆ? ಮೆಲ್ಲಗೆ ಹೊಡೆದರೂ ಚೆಂಡು ಪಾಕೆಟ್ ಸೇರುತ್ತದೆ, ಉಳಿದ ಚೆಂಡುಗಳು ಎಲ್ಲಿ ನಿಲ್ಲುತ್ತವೆಂಬುದೂ ಹಿಡಿತಕ್ಕೆ ಸಿಗುತ್ತದೆ. 2001ರ ಯು.ಎಸ್. ಓಪನ್ ಒಂಬತ್ತು-ಚೆಂಡಿನ ಪಂದ್ಯಾವಳಿಯಲ್ಲಿ ಅಮೆರಿಕದ ಕೋರಿ ಡ್ಯುಯಲ್ ಮೆಲು ಬ್ರೇಕ್‌ನ ಬಲದಿಂದ ಆಡಿ, ಫೈನಲ್‌ನಲ್ಲಿ ಫಿನ್‌ಲೆಂಡ್‌ನ ಮಿಕಾ ಇಮ್ಮೊನೆನ್ ಅವರನ್ನು 11–0 ಅಂತರದಿಂದ ಸೋಲಿಸಿದರು. ಅದು ನಿಯಮದೊಳಗಿನ ಆಟ, ಅಪಾರ ಬುದ್ಧಿಯ ಆಟ. ಆದರೂ ಬ್ರೇಕ್ ಎಂಬುದು ಹೀಗೆ ಲೆಕ್ಕದ ಹೊಡೆತವಾಗುವುದು ಬಹಳ ಜನರಿಗೆ ಹಿಡಿಸಲಿಲ್ಲ. ಇಂಥ ಬ್ರೇಕ್ ತಡೆಯಲು ಹಲವು ಪಂದ್ಯಾವಳಿಗಳಲ್ಲಿ ಬಳಸುವ ಒಂದು ನಿಯಮದ ಪ್ರಕಾರ, ಬ್ರೇಕ್‌ನಲ್ಲಿ ಕನಿಷ್ಠ ಮೂರು ಚೆಂಡುಗಳು ಪಾಕೆಟ್ ಸೇರಬೇಕು ಇಲ್ಲವೇ ಮೇಜಿನ ಆಚೆಯ ಕಾಲುಭಾಗದ ಗೆರೆಯನ್ನು ದಾಟಬೇಕು.

ಇನ್ನೊಂದು ಪರಿಹಾರ ನನಗೆ ಹೆಚ್ಚು ಚೆಲುವಾಗಿ ಕಾಣುತ್ತದೆ: 1ರ ಬದಲು 9ನ್ನು ಫುಟ್ ಸ್ಪಾಟ್ ಮೇಲೆ ಇಡುವುದು. ಒಂದೊಂದು ಸಾಲಿನ ನಡುವಿನ ದೂರ ಸುಮಾರು 49.5 ಮಿಲಿಮೀಟರ್, ಆದ್ದರಿಂದ ಇಡೀ ವಜ್ರ ಸುಮಾರು 99 ಮಿಲಿಮೀಟರ್ ಮುಂದಕ್ಕೆ, ಬ್ರೇಕ್ ಮಾಡುವವನ ಕಡೆಗೆ ಸರಿಯುತ್ತದೆ. ವಿಂಗ್ ಬಾಲ್ ಹೊರಡುವ ದಿಕ್ಕು ಅದೇ, ಹೊರಡುವ ಜಾಗ ಮಾತ್ರ ಬೇರೆ. ಹಾಗಾಗಿ ಪಾಕೆಟ್ ತಲುಪುವ ಮೊದಲೇ ಅದು ಉದ್ದನೆಯ ಕುಷನ್‌ಗೆ ಬಡಿಯುತ್ತದೆ. ರ‍್ಯಾಕ್ ಸಡಿಲಿಸಬೇಕಾಗಿಲ್ಲ, ಯಾರ ಮೇಲೂ ಸಂಶಯ ಪಡಬೇಕಾಗಿಲ್ಲ. ಜಾಗ ಬದಲಿಸಿದರೆ ಸಾಕು. ಆಟಗಾರರೂ ಸುಮ್ಮನಿರದೆ 1ನ್ನು ಪಕ್ಕದ ಪಾಕೆಟ್‌ಗೆ ಕಳಿಸುವ ದಾರಿಯನ್ನು ಸಾಧಿಸತೊಡಗಿದರು.

ಇಷ್ಟಾದ ಮೇಲೂ ರ‍್ಯಾಕ್ ಯಾರು ಕಟ್ಟಬೇಕು ಎಂಬುದು ಉಳಿಯುತ್ತದೆ. ಎದುರಾಳಿ ಕಟ್ಟಿದರೆ ಸಡಿಲ ಬಿಡುವ ಆಸೆ, ತಾನೇ ಕಟ್ಟಿಕೊಂಡರೆ ತನಗೆ ಅನುಕೂಲವಾಗಿ ವಾಲಿಸುವ ಆಸೆ, ಅಥವಾ ಚೆಂಡುಗಳನ್ನು ತನಗೆ ಬೇಕಾದ ಸಂಖ್ಯೆಯ ಕ್ರಮದಲ್ಲಿ ಇಡುವ ಆಸೆ. ಒಂಬತ್ತರ ಆಟದಲ್ಲಿ 2 ಯಾವಾಗಲೂ ಒಂದೇ ಜಾಗದಲ್ಲಿದ್ದರೆ, 1ನ್ನು ಹಾಕಿದ ನಂತರ 2 ಎಲ್ಲಿ ಸಿಗುತ್ತದೆ ಎಂದು ಹೆಚ್ಚು ಕಡಿಮೆ ಮೊದಲೇ ಗೊತ್ತಾಗುತ್ತದೆ. ಸ್ಥಾನ ಗೊತ್ತುಮಾಡಿರುವ ಚೆಂಡುಗಳನ್ನು ಬಿಟ್ಟು ಮಿಕ್ಕವುಗಳಲ್ಲಿ ಉದ್ದೇಶಪೂರ್ವಕ ಕ್ರಮವಿರಬಾರದು ಎಂದು ನಿಯಮ ಹೇಳುವುದು ಇದಕ್ಕೇ. ತಟಸ್ಥನಾದ ರೆಫರಿ ಕಟ್ಟುವುದು ಎಲ್ಲಕ್ಕಿಂತ ಉತ್ತಮ, ಆದರೆ ಗೆಳೆಯರ ನಡುವಿನ ಆಟದಲ್ಲಿ ರೆಫರಿ ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ, ತಾನೇ ಕಟ್ಟಿಕೊಂಡು ಎದುರಾಳಿಗೆ ನೋಡಲು ಬಿಡುವುದು ಸರಿ. ನೋಡುವ ಹಕ್ಕು ನಿಜವಾದ ಹಕ್ಕಾಗಿರಬೇಕು, ಅವನು ಬಗ್ಗಿ ನೋಡಿದಾಗ ಮುಖ ಸಿಂಡರಿಸಬಾರದು.

ಹಾಗೆ ನೋಡಿದವನಿಗೆ ಸಂದಿ ಕಂಡು, ಎರಡು ಬಾರಿ ಮತ್ತೆ ಕಟ್ಟಿದರೂ ಅದು ಹೋಗದಿದ್ದರೆ, ಮೂರನೆಯ ಬಾರಿ ಅದೇ ಕೆಲಸ ಮಾಡುವುದರಿಂದ ಪ್ರಯೋಜನವಿಲ್ಲ. ಆ ಚೆಂಡುಗಳಲ್ಲಿ ಅದಕ್ಕಿಂತ ಬಿಗಿಯಾದ ರ‍್ಯಾಕ್ ಇಲ್ಲ ಎಂದೇ ಅರ್ಥ. ಇಬ್ಬರೂ ಬಗ್ಗಿ ನೋಡಿ, ಎರಡು ಚೆಂಡುಗಳನ್ನು ಅದಲುಬದಲು ಮಾಡಿ, ಸಂದಿಯನ್ನು ತುದಿಯಿಂದ ದೂರ, ಹಿಂದಿನ ಸಾಲಿನ ಕಡೆಗೆ ತಳ್ಳಿ. ತುದಿಯ ಮೂರು ಚೆಂಡುಗಳು ಮುಟ್ಟಿಕೊಂಡಿವೆ, ಉಳಿದ ಸಂದಿ ಇಂಥಲ್ಲಿ ಇದೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡ ಮೇಲೆ ಬ್ರೇಕ್ ಮಾಡುವವನು ಬಿಳಿ ಚೆಂಡನ್ನು ಇಡಬಹುದು.